ಮೂಸಿ ದಂಡೆಯ ಅಕ್ಷರ ನಕ್ಷೆ

ಯುನೆಸ್ಕೊದ ‘ಸೃಜನಶೀಲ ನಗರ’ಗಳ ಪಟ್ಟಿಗೆ ಹೈದರಾಬಾದ್ ಸೇರಿದ್ದು 2019ರಲ್ಲಿ. ಯಾವ ಕಾರಣಕ್ಕೆ ಎಂದು ಕೇಳಬೇಕಾಗಿಯೇ ಇಲ್ಲ, ಊಟಕ್ಕೆ. ಬಿರಿಯಾನಿ, ಹಲೀಮ್, ಮಿರ್ಚಿ ಕಾ ಸಾಲನ್, ಇರಾನಿ ಚಹಾ, ಜತೆಗೆ ಉಸ್ಮಾನಿಯಾ ಬಿಸ್ಕತ್ತು. ಇಷ್ಟನ್ನು ತಿಂದು ಎದ್ದವರು ತಕರಾರು ತೆಗೆಯುವ ಹಾಗಿಲ್ಲ. ಅದೇ ಯುನೆಸ್ಕೊ 2023ರಲ್ಲಿ ಭಾರತದ ಮೊದಲ ‘ಸಾಹಿತ್ಯ ನಗರ’ವನ್ನು ಆರಿಸಿದಾಗ ಆ ಮಾನ ಕೇರಳದ ಕೋಯಿಕ್ಕೋಡಿಗೆ ಸಂದಿತು. ಬಷೀರ್, ಎಂ.ಟಿ. ಬದುಕಿ ಬರೆದ ಊರು, ಅದಕ್ಕೂ ತಕರಾರಿಲ್ಲ. ಆದರೆ ಕವಿಯೊಬ್ಬ ಮುಂದೆ ನಿಂತು ಕಟ್ಟಿಸಿದ ಊರೊಂದು ನಮ್ಮ ಪಕ್ಕದಲ್ಲೇ ಇದ್ದು, ಅದರ ಹೆಸರೆತ್ತಿದರೆ ಬಾಯಲ್ಲಿ ನೀರೂರುತ್ತದೆಯೇ ಹೊರತು ಒಬ್ಬ ಕವಿಯ ಹೆಸರೂ ಬರುವುದಿಲ್ಲವೆಂದರೆ ಏನೋ ಎಲ್ಲೋ ತಪ್ಪಿದೆ.

ಆ ಕವಿ ಮುಹಮ್ಮದ್ ಕುಲಿ ಕುತುಬ್ ಷಾ. 1591ರಲ್ಲಿ ಗೋಲ್ಕೊಂಡದ ಕೋಟೆ ಇಕ್ಕಟ್ಟಾಯಿತೆಂದು ಮೂಸಿ ನದಿಯ ದಕ್ಷಿಣಕ್ಕೆ ಹೊಸ ಊರು ಹಾಕಿ, ನಟ್ಟನಡುವೆ ಚಾರ್‌ಮಿನಾರ್ ಎತ್ತಿಸಿದ ಸುಲ್ತಾನ. ಹಗಲು ರಾಜ್ಯಭಾರವಾದರೆ ಬಿಡುವಿನಲ್ಲಿ ದಖನಿ ಕಾವ್ಯ. ಪರ್ಷಿಯಾದ ಗುಲಾಬಿ, ಬುಲ್‌ಬುಲ್ ಹಕ್ಕಿಗಳಿಗೇ ತೃಪ್ತನಾಗದೆ ಈ ನೆಲದ ಮಿರಗದ ಮಳೆ, ವಸಂತದ ಹಬ್ಬ, ಇಲ್ಲಿಯ ಹಣ್ಣುಹಂಪಲಗಳ ಮೇಲೂ ಬರೆದ. ಉರ್ದುವಿನಲ್ಲಿ ಸ್ವಂತ ದೀವಾನ್, ಅಂದರೆ ಕವನಸಂಗ್ರಹ, ಉಳಿಸಿಹೋದ ಮೊದಲ ಕವಿ ಎಂದು ಅವನನ್ನೇ ಹೇಳುವುದು ರೂಢಿ. ಅವನ ಸಮಗ್ರ ಕಾವ್ಯವನ್ನು ಹಸ್ತಪ್ರತಿಗಳಿಂದ ಬಿಡಿಸಿ 1940ರಲ್ಲಿ ಅಚ್ಚಿಗೆ ತಂದವರು ಮೊಹಿಯುದ್ದೀನ್ ಖಾದ್ರಿ ಜೋರ್. ಜೋರ್ ಅವರು 1931ರಲ್ಲಿ ಕಟ್ಟಿದ ‘ಇದಾರಾ-ಎ-ಅದಬಿಯಾತ್-ಎ-ಉರ್ದು’ ಸಂಸ್ಥೆ ಪಂಜಾಗುಟ್ಟದಲ್ಲಿದೆ. ಕಮಾನು, ಗುಮ್ಮಟಗಳ ಅದರ ಕಟ್ಟಡದ ಪಕ್ಕದ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ಕಾರು ಹೋಗುತ್ತವೆ. ಒಳಗಿರುವುದು ಹಳೆಯ ದಖನಿ ಹಸ್ತಪ್ರತಿಗಳ ಭಂಡಾರವೆಂದು ಕಾರಿನೊಳಗಿನವರಿಗೆ ಯಾರು ಹೇಳಬೇಕು?

ಹೇಳುವುದಕ್ಕೆ ಒಂದು ನಕ್ಷೆ ಬೇಕು ಎಂಬುದು ನನ್ನ ವಾದ. ಸರ್ವೆ ಇಲಾಖೆಯ ನಕ್ಷೆಯಲ್ಲ, ಚಿತ್ರನಕ್ಷೆ. ಅಳತೆಗೆ ಕಟ್ಟುಬೀಳದೆ, ದೊಡ್ಡದು ಮಾಡಬೇಕಾದ್ದನ್ನು ದೊಡ್ಡದು ಮಾಡಿ, ಬೀದಿಯ ಬದಿಯಲ್ಲಿ ಕವಿಯನ್ನು ಕೂರಿಸಿ, ಸೇತುವೆಯ ಕೆಳಗೆ ಕಾದಂಬರಿಯ ಪಾತ್ರವನ್ನು ನಿಲ್ಲಿಸಿ ಬರೆಯುವಂಥದ್ದು. 1914ರಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಎಂಬ ಕಲಾವಿದ ಲಂಡನ್ನಿನ ಸುರಂಗ ರೈಲಿನ ನಿಲ್ದಾಣಗಳಿಗೆಂದು ಇಂಥದೊಂದು ತಮಾಷೆಯ ನಕ್ಷೆ ಬರೆದುಕೊಟ್ಟ. ರೈಲಿಗೆ ಕಾಯುವ ಜನ ಅದನ್ನು ನೋಡುತ್ತ ನಿಲ್ಲುತ್ತಿದ್ದರಂತೆ. ಅಲ್ಲಿಂದೀಚೆಗೆ ಚಿತ್ರನಕ್ಷೆಗಳದ್ದೇ ಒಂದು ಸಂಪ್ರದಾಯ ಬೆಳೆದಿದೆ. ಥಾಮಸ್ ಹಾರ್ಡಿಯ ವೆಸೆಕ್ಸ್‌ಗೆ ನಕ್ಷೆಯಿದೆ, ಜಾಯ್ಸ್‌ನ ಡಬ್ಲಿನ್‌ಗೆ ಇದೆ. ಇಲ್ಲದ ಊರಾದ ನಮ್ಮ ಮಾಲ್ಗುಡಿಗೂ ಜೇಮ್ಸ್ ಫೆನೆಲಿ ಎಂಬ ವಿದ್ವಾಂಸ ಕತೆಗಳನ್ನೆಲ್ಲ ಜಾಲಾಡಿ ನಕ್ಷೆ ಬರೆದಿದ್ದಾರೆ. ಇದೆಲ್ಲ ಹೊರಗಿನಿಂದ ಬಂದ ಶೋಕಿ ಎನ್ನುವವರು ಜೈನರ ತೀರ್ಥಪಟಗಳನ್ನು ನೋಡಬೇಕು. ಬೆಟ್ಟ, ಬಸದಿ, ದಾರಿ, ದಾರಿಯ ಮೇಲಿನ ಯಾತ್ರಿಕರು ಎಲ್ಲವೂ ಒಂದೇ ಬಟ್ಟೆಯ ಮೇಲೆ. ಯಾತ್ರೆಗೆ ಹೋಗಲಾಗದವರು ಅದನ್ನೇ ನೋಡಿ ಕೈಮುಗಿಯುತ್ತಿದ್ದರು.

ಹೈದರಾಬಾದಿನಲ್ಲಿ ಸಾಹಿತ್ಯದ ನಕ್ಷೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದಿದೆ, ಕಾಗದದ ಮೇಲಲ್ಲ, ಕಟ್ಟೆಯ ಮೇಲೆ. ಹುಸೇನ್‌ಸಾಗರದ ಟ್ಯಾಂಕ್‌ಬಂಡ್ ಉದ್ದಕ್ಕೂ ಎನ್.ಟಿ. ರಾಮರಾವ್ 1986ರಲ್ಲಿ ನಿಲ್ಲಿಸಿದ ಮೂವತ್ತಕ್ಕೂ ಹೆಚ್ಚು ಪ್ರತಿಮೆಗಳು. ನನ್ನಯ, ತಿಕ್ಕನ, ಎರ್‍ರನ, ಪೋತನ, ಮೊಲ್ಲ, ವೇಮನ, ಗುರಜಾಡ, ಜಾಷುವ, ಶ್ರೀಶ್ರೀ. ನಡುವೆ ನಮ್ಮ ಕೃಷ್ಣದೇವರಾಯನೂ ಇದ್ದಾನೆ. ಸಂಜೆ ಹೊತ್ತು ಕಡಲೆಕಾಯಿ ತಿನ್ನುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ತೆಲುಗು ಸಾಹಿತ್ಯ ಚರಿತ್ರೆಯ ಒಂದು ಪಾಠ ಮುಗಿಯುತ್ತದೆ. ಆದರೆ ಈ ಪಾಠದಲ್ಲಿ ತೆಲಂಗಾಣದವರು ಬೆರಳೆಣಿಕೆ: ಸುರವರಂ ಪ್ರತಾಪರೆಡ್ಡಿ, ಮಖ್ದೂಮ್ ಮೊಹಿಯುದ್ದೀನ್, ರಾಮದಾಸು ಹೀಗೆ ಕೆಲವರು. 2011ರ ಮಾರ್ಚ್ 10ರಂದು ತೆಲಂಗಾಣ ಹೋರಾಟದ ‘ಮಿಲಿಯನ್ ಮಾರ್ಚ್’ ಟ್ಯಾಂಕ್‌ಬಂಡ್ ತಲುಪಿದಾಗ ಸಿಟ್ಟು ತಿರುಗಿದ್ದು ಈ ಪ್ರತಿಮೆಗಳ ಮೇಲೆ. ಹಲವು ಕವಿಗಳು ಕಟ್ಟೆಯಿಂದ ಉರುಳಿದರು. ಆಮೇಲೆ ಅವನ್ನೆಲ್ಲ ಮತ್ತೆ ಮಾಡಿಸಿ ನಿಲ್ಲಿಸಿದ್ದಾಯಿತು. ಜೀವಮಾನವಿಡೀ ಜಾತಿಯ ಅವಮಾನ ಉಂಡ ಜಾಷುವನಂಥ ಕವಿಯ ಮೇಲೆ ಕೈಯೆತ್ತಿದ್ದನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಆದರೆ ನಕ್ಷೆಯಿಂದ ಯಾರನ್ನು ಬಿಟ್ಟೆವು ಎಂಬುದು ಎಷ್ಟು ಆಳಕ್ಕೆ ತಾಗುತ್ತದೆ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಅದಕ್ಕೇ ಇನ್ನೊಂದು ನಕ್ಷೆ ಬೇಕು. ಒಂದು ಭಾಷೆಯದಲ್ಲ, ಒಂದು ಸರ್ಕಾರದ್ದಲ್ಲ.

ಎಲ್ಲಿಂದ ಶುರು ಮಾಡೋಣ? ಪದ್ಧತಿಯಂತೆ ಗೋಲ್ಕೊಂಡದಿಂದ. ಇಲ್ಲಿಯ ಆಸ್ಥಾನದಲ್ಲೇ ಮುಲ್ಲಾ ವಜ್ಹಿ 1609ರಲ್ಲಿ ‘ಕುತುಬ್ ಮುಷ್ತರಿ’ ಬರೆದ, 1635ರಲ್ಲಿ ‘ಸಬ್‌ರಸ್’ ಎಂಬ ಗದ್ಯಕೃತಿ ಬರೆದ. ಮೊದಲನೆಯದರಲ್ಲಿ ಕಥಾನಾಯಕ ಸುಲ್ತಾನ ಕುಲಿಯೇ. ಒಡೆಯನ ಪ್ರೇಮಕತೆಯನ್ನು ಒಡೆಯ ಇರುವಾಗಲೇ ಬರೆದು ದಕ್ಕಿಸಿಕೊಂಡ ಜಾಣ. ಕೋಟೆ ಹತ್ತುವ ದಾರಿಯಲ್ಲಿ ರಾಮದಾಸುವಿನ ಸೆರೆಮನೆ ತೋರಿಸುತ್ತಾರೆ. ಭದ್ರಾಚಲದ ಕಡೆ ತಹಶೀಲ್ದಾರನಾಗಿದ್ದ ಕಂಚೆರ್ಲ ಗೋಪಣ್ಣ ಸರ್ಕಾರದ ಕಂದಾಯದ ಹಣ ತೆಗೆದು ರಾಮನಿಗೆ ಗುಡಿ ಕಟ್ಟಿಸಿದ. ಸುಲ್ತಾನ ತಾನಾ ಷಾನ ಕಾಲದಲ್ಲಿ ಇಲ್ಲಿ ಕತ್ತಲಲ್ಲಿ ಕೊಳೆತ. ಕೊಳೆಯುತ್ತಲೇ ಕೀರ್ತನೆ ಹಾಡಿದ. ಗೋಡೆಯ ಮೇಲೆ ರಾಮ, ಲಕ್ಷ್ಮಣ, ಹನುಮಂತನ ಉಬ್ಬುಚಿತ್ರಗಳಿವೆ, ಅವನೇ ಕೆತ್ತಿದ್ದು ಎನ್ನುತ್ತಾರೆ. ಲೆಕ್ಕಪರಿಶೋಧಕರ ಕಣ್ಣಲ್ಲಿ ಅದು ದುರುಪಯೋಗದ ಪ್ರಕರಣ, ಭಕ್ತರ ಕಣ್ಣಲ್ಲಿ ಮಹಾತ್ಮೆ. ಚಿತ್ರಕಾರ ಎರಡನ್ನೂ ಒಂದೇ ಚೌಕದಲ್ಲಿ ತೋರಿಸಿದರೆ ಚಂದ.

ಗೋಲ್ಕೊಂಡಕ್ಕೆ ಹೋಗುವವರು ಮೂಸಿ ದಂಡೆಯಲ್ಲಿ ನಿಲ್ಲುವುದು ಕಡಿಮೆ. ನನ್ನ ಪ್ರಕಾರ ಇಡೀ ನಕ್ಷೆಯ ಗಟ್ಟಿ ಭಾಗ ಅಲ್ಲಿದೆ. ಅಫ್ಜಲ್‌ಗಂಜ್‌ನಲ್ಲಿ ನಿಂತು ನಯಾಪುಲ್ ಕಡೆ ಮುಖಮಾಡಿ. ಈಚೆ ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆ, ಅದರ ಮಗ್ಗುಲಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಆಚೆ ದಂಡೆಯಲ್ಲಿ ಹೈಕೋರ್ಟು, ಸಿಟಿ ಕಾಲೇಜು. ನದಿ ಎಂದರೆ ಈಗ ನಡುವೆ ಹರಿಯುವ ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವಂಥದ್ದು. ಆದರೆ 1908ರ ಸೆಪ್ಟೆಂಬರ್ 28ರಂದು ಇದೇ ನದಿ ಊರನ್ನೇ ಹೊತ್ತುಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಆಗ ಅಫ್ಜಲ್ ಪಾರ್ಕ್ ಎನ್ನುತ್ತಿದ್ದ ಜಾಗದಲ್ಲಿ ಒಂದು ಹುಣಸೆಮರವಿತ್ತು. ಅದನ್ನು ಹತ್ತಿ ಕೊಂಬೆ ಹಿಡಿದುಕೊಂಡ ನೂರೈವತ್ತು ಮಂದಿ ಬದುಕಿಕೊಂಡರು. ಪಾರ್ಕು ಹೋಗಿ ಆಸ್ಪತ್ರೆ ಬಂತು, ಮರ ಮಾತ್ರ ಆಸ್ಪತ್ರೆಯ ಹಿತ್ತಲಲ್ಲಿ ಉಳಿಯಿತು.

ಆ ದಿನ ಅಮ್ಜದ್ ಎಂಬ ಯುವಕನೂ ಪ್ರವಾಹದಲ್ಲಿ ಸಿಕ್ಕಿದ್ದ. ತಾಯಿ, ಹೆಂಡತಿ, ಮಗಳು ಮೂವರೂ ಕಣ್ಣೆದುರೇ ಹೋದರು, ತಾನೊಬ್ಬ ಉಳಿದ. ಮುಂದೆ ಉರ್ದುವಿನ ದೊಡ್ಡ ರುಬಾಯಿ ಕವಿ ಅಮ್ಜದ್ ಹೈದರಾಬಾದಿ ಎಂದು ಹೆಸರಾದದ್ದು ಈತನೇ. ಆ ಪ್ರವಾಹದ ಮೇಲೆ ‘ಕಯಾಮತ್-ಎ-ಸುಗ್ರಾ’ ಎಂಬ ಕವಿತೆ ಬರೆದ. ನಾಲ್ಕು ಸಾಲಿನಲ್ಲಿ ಲೋಕದ ಹಂಗು ಹರಿದು ಮಾತಾಡುವ ಅವನ ರುಬಾಯಿಗಳ ಹಿಂದೆ ಈ ನೀರು ನಿಂತಿದೆ ಎಂದು ತಿಳಿದು ಓದಿದರೆ ಓದೇ ಬೇರೆಯಾಗುತ್ತದೆ. ಪ್ರವಾಹದ ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದವರು ಬಂದು ನಿಂತು ಯೋಜನೆ ಹಾಕಿದರು. 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ಮುಗಿದವು. ಅವರು 1951ರಲ್ಲಿ ಪ್ರಕಟಿಸಿದ ಆತ್ಮಕತೆಯಲ್ಲಿ ಈ ಪ್ರವಾಹದ ಲೆಕ್ಕಾಚಾರವೆಲ್ಲ ಇದೆ, ಎಷ್ಟು ಮಳೆ, ಎಷ್ಟು ನೀರು, ಎಷ್ಟು ಕೆರೆ ಒಡೆದವು ಎಂದು. ಅಮ್ಜದರ ಕವಿತೆ, ಎಂ.ವಿ.ಯವರ ಅಧ್ಯಾಯ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಒಂದೇ ನೀರಿನ ಬಗ್ಗೆ ಇಬ್ಬರು ಬರೆದದ್ದು. ಚಿತ್ರನಕ್ಷೆಯ ಈ ಮೂಲೆಯಲ್ಲಿ ಹುಣಸೆಮರದ ಕೊಂಬೆಗೆ ಕವಿಯನ್ನೂ ಬುಡದಲ್ಲಿ ಮೈಸೂರು ಪೇಟದ ಎಂಜಿನಿಯರರನ್ನೂ ಬರೆಯದೆ ಬಿಟ್ಟರೆ ನಾನಂತೂ ಒಪ್ಪುವುದಿಲ್ಲ.

ಆಚೆ ದಂಡೆಯ ಸಿಟಿ ಕಾಲೇಜಿನಲ್ಲಿ ಮಖ್ದೂಮ್ ಮೊಹಿಯುದ್ದೀನ್ ಉರ್ದು ಕಲಿಸುತ್ತಿದ್ದರು. ಪ್ರವಾಹದ ವರ್ಷವೇ ಹುಟ್ಟಿದವರು. ಕೆಂಪು ಬಾವುಟ ಹಿಡಿಯಲು ಅಧ್ಯಾಪಕ ಹುದ್ದೆ ಬಿಟ್ಟರು, ಭೂಗತರಾದರು, ಜೈಲಿಗೆ ಹೋದರು, ಶಾಸನಸಭೆಗೂ ಹೋದರು. ಕಾರ್ಮಿಕರ ಸಭೆಯಲ್ಲಿ ಅವರ ಕವಿತೆ ಘೋಷಣೆಯಾಗುತ್ತಿತ್ತು, ಸಿನಿಮಾದಲ್ಲಿ ಪ್ರೇಮಗೀತೆಯಾಗುತ್ತಿತ್ತು. ‘ಗಮನ್’ (1978) ಮತ್ತು ‘ಬಾಜಾರ್’ (1982) ಚಿತ್ರಗಳಲ್ಲಿ ಅವರ ಗಜಲ್ ಕೇಳಿ ಮನಸೋತವರಲ್ಲಿ ಎಷ್ಟೋ ಮಂದಿಗೆ ಆ ಕವಿ ಅಷ್ಟರಲ್ಲಿ ತೀರಿಕೊಂಡು ವರ್ಷಗಳಾಗಿದ್ದವು ಎಂದು ಗೊತ್ತಿರಲಿಲ್ಲ. ಮಖ್ದೂಮ್ ಕೂತು ಹರಟುತ್ತಿದ್ದ ಆಬಿಡ್ಸ್‌ನ ಓರಿಯಂಟ್ ಹೋಟೆಲ್ ಈಗಿಲ್ಲ. ಕವಿಗಳು, ಪತ್ರಕರ್ತರು, ರಾಜಕಾರಣಿಗಳು, ಎಂ.ಎಫ್. ಹುಸೇನರಂಥ ಕಲಾವಿದರು ಒಂದು ಕಪ್ ಚಹಾಕ್ಕೆ ಗಂಟೆಗಟ್ಟಲೆ ಕೂರುತ್ತಿದ್ದ ಜಾಗ ಅದು. ಗೂಗಲ್ ನಕ್ಷೆ ಇಂದು ಇರುವುದನ್ನಷ್ಟೇ ತೋರಿಸುತ್ತದೆ. ಚಿತ್ರನಕ್ಷೆಯಲ್ಲಾದರೆ ಕೆಡವಿದ ಹೋಟೆಲನ್ನೂ ಕಟ್ಟಬಹುದು, ಮೇಜುಗಳ ಸುತ್ತ ಜನರನ್ನೂ ಕೂರಿಸಬಹುದು. ಈ ಊರಿಗೆ ಅಂಥ ನಕ್ಷೆಯೇ ಬೇಕು, ಯಾಕೆಂದರೆ ಇಲ್ಲಿ ದೇವಡಿಗಳು, ಅಂದರೆ ಶ್ರೀಮಂತರ ಹಳೆಯ ಮಹಲುಗಳು, ಬಿದ್ದಷ್ಟು ಬೇಗ ಬೇರೇನೂ ಬಿದ್ದಿಲ್ಲ.

ಆಬಿಡ್ಸ್ ಎಂದರೆ ಭಾನುವಾರದ ಹಳೆಪುಸ್ತಕ ಸಂತೆ. ಅಂಗಡಿಗಳ ಷಟರ್ ಇಳಿದ ಕೂಡಲೇ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಪುಸ್ತಕ ಒಟ್ಟುತ್ತಾರೆ. ಎಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ ಯಾವುದೋ ಜಾಗೀರದಾರರ ಮನೆಯ ಗ್ರಂಥಾಲಯದ ಮುದ್ರೆಯಿರುವ ಪುಸ್ತಕ ಸಿಕ್ಕೀತು. ಅಲ್ಲಿಂದ ನಾಂಪಲ್ಲಿ ಸ್ಟೇಷನ್ ಕಡೆ ಹೊರಟರೆ ಸರೋಜಿನಿ ನಾಯ್ಡು ಮನೆ ‘ಗೋಲ್ಡನ್ ಥ್ರೆಶೋಲ್ಡ್’. 1905ರಲ್ಲಿ ಲಂಡನ್ನಿನಲ್ಲಿ ಬಂದ ಅವರ ಮೊದಲ ಕವನ ಸಂಕಲನದ ಹೆಸರೂ ಅದೇ. ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಹುಟ್ಟಿದ್ದು ಈ ಬಂಗಲೆಯಲ್ಲೇ. ಸರೋಜಿನಿಯವರ ‘ಇನ್ ದ ಬಜಾರ್ಸ್ ಆಫ್ ಹೈದರಾಬಾದ್’ ಹಳಬರು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ, 1912ರ ಸಂಕಲನದ್ದು. ವರ್ತಕರು, ಅಕ್ಕಸಾಲಿಗರು, ಹಣ್ಣಿನವರು, ವಾದ್ಯದವರು, ಹೂವಾಡಗಿತ್ತಿಯರು ಸಾಲಾಗಿ ಬರುವ ಆ ಪದ್ಯವೇ ಅರ್ಧ ನಕ್ಷೆ. ಚಿತ್ರಕಾರನಿಗೆ ಕೆಲಸ ಉಳಿಸಿಕೊಟ್ಟಿದ್ದಾರೆ.

ನಾಂಪಲ್ಲಿಯ ಯೂಸುಫೈನ್ ದರ್ಗಾದ ಅಂಗಳಕ್ಕೆ ಉರ್ದು ಓದುಗರು ಇನ್ನೊಂದು ಕಾರಣಕ್ಕೆ ಹೋಗುತ್ತಾರೆ. ದಾಗ್ ದೆಹ್ಲವಿ ಅಲ್ಲಿ ಮಲಗಿದ್ದಾರೆ. ದಿಲ್ಲಿಯ ಭಾಷೆಯ ಕೊನೆಯ ದೊರೆ ಎನ್ನಿಸಿಕೊಂಡವರು, ಇಲ್ಲಿಗೆ ಬಂದು ಆರನೆಯ ನಿಜಾಮನ ಉಸ್ತಾದರಾದರು, 1905ರಲ್ಲಿ ಇಲ್ಲೇ ತೀರಿಕೊಂಡರು. ಲಾಹೋರಿನ ಕಡೆಯಿಂದ ಇಕ್ಬಾಲ್ ಎಂಬ ಹುಡುಗ ಗಜಲ್ ಬರೆದು ತಿದ್ದಿಕೊಡಿ ಎಂದು ಅಂಚೆಯಲ್ಲಿ ಕಳಿಸುತ್ತಿದ್ದುದು ದಾಗ್ ಅವರಿಗೇ. ಅವರ ಸಮಕಾಲೀನ, ಪ್ರತಿಸ್ಪರ್ಧಿ ಅಮೀರ್ ಮೀನಾಯಿ 1900ರಲ್ಲಿ ಹೈದರಾಬಾದಿಗೆ ಬಂದು ಕೆಲವೇ ದಿನದಲ್ಲಿ ಹೋದರು. ಅವರ ಗೋರಿಯೂ ಇದೇ ದರ್ಗಾದಲ್ಲಿದೆ. ಬದುಕಿದ್ದಾಗ ಮುಷಾಯಿರಾಗಳಲ್ಲಿ ಒಬ್ಬರನ್ನೊಬ್ಬರು ಅಳೆದವರು ಈಗ ಒಂದೇ ಅಂಗಳದ ನೆರೆಹೊರೆ.

ಊರಾಚೆ ಮೌಲಾ ಅಲಿ ಗುಡ್ಡದ ಬುಡದಲ್ಲಿ ಮಹ್‌ಲಖಾ ಬಾಯಿ ಚಂದಾಳ ಸಮಾಧಿ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿದ ತವಾಯಫ್, ಕವಯಿತ್ರಿ, ಜಾಗೀರದಾರಿಣಿ. ಗಂಡುಡುಗೆ ತೊಟ್ಟು ನಿಜಾಮನ ದಂಡಿನ ಜತೆ ಹೋಗುತ್ತಿದ್ದಳು. ಆಕೆಯ 125 ಗಜಲ್‌ಗಳ ದೀವಾನ್‌ನ ಒಂದು ಪ್ರತಿಯನ್ನು 1799ರಲ್ಲಿ ಆಕೆ ಕ್ಯಾಪ್ಟನ್ ಮಾಲ್ಕಮ್‌ಗೆ ಉಡುಗೊರೆ ಕೊಟ್ಟಳು. ಅದು ಈಗ ಲಂಡನ್ನಿನಲ್ಲಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯ ಎದ್ದಿರುವ ಅಡಿಕ್‌ಮೆಟ್ಟಿನ ನೆಲ ಒಂದು ಕಾಲಕ್ಕೆ ಆಕೆಯ ಜಾಗೀರು ಎನ್ನುತ್ತಾರೆ. ಹಾಗಿದ್ದರೆ ಸಾವಿರಾರು ಹುಡುಗ ಹುಡುಗಿಯರು ಪದವಿ ಪಡೆದದ್ದು ಒಬ್ಬ ನರ್ತಕಿಯ ಹೊಲದಲ್ಲಿ. ಮರ್ಯಾದಸ್ಥರು ಹಿಂದೆಗೆಯುವ ಇಂಥ ಸಂಗತಿಗಳನ್ನೇ ನಕ್ಷೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು.

ತೆಲುಗಿನವರ ಕತೆ ಇನ್ನೊಂದು ಬಗೆಯದು. ನಿಜಾಮನ ರಾಜಧಾನಿಯಲ್ಲಿ ಬಹುಜನರ ಮಾತು ತೆಲುಗು, ಆದರೆ ದರ್ಬಾರಿನ ಬಾಗಿಲು ಅದಕ್ಕೆ ತೆರೆದಿರಲಿಲ್ಲ. 1901ರ ಸೆಪ್ಟೆಂಬರ್ 1ರಂದು ಕೊಮರ್‍ರಾಜು ಲಕ್ಷ್ಮಣರಾವ್, ರಾವಿಚೆಟ್ಟು ರಂಗರಾವ್ ಮೊದಲಾದವರು ಸೇರಿ ಒಂದು ವಾಚನಾಲಯ ತೆರೆದರು. ಹೆಸರು ‘ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ’. ಸುಲ್ತಾನ್ ಬಜಾರಿನಲ್ಲಿ ಇಂದಿಗೂ ಇದೆ. ಕನ್ನಡರಾಜ್ಯರಮಾರಮಣನ ಹೆಸರಿಟ್ಟುಕೊಂಡು ತೆಲುಗು ಕಟ್ಟಿದರು. ಈಗಿನವರಾಗಿದ್ದರೆ ಕೋರ್ಟಿಗೆ ಹೋಗುತ್ತಿದ್ದರೇನೋ. 1921ರಲ್ಲಿ ವಿವೇಕವರ್ಧಿನಿಯ ಸಭಾಂಗಣದಲ್ಲಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣಾ ಸಭೆ ನಡೆದಾಗ ಒಬ್ಬರು ತೆಲುಗಿನಲ್ಲಿ ಮಾತಾಡಲು ಎದ್ದರೆ ಸಭೆ ನಕ್ಕು ಕೂರಿಸಿತು. ಆ ರಾತ್ರಿಯ ಅವಮಾನದಿಂದ ಆಂಧ್ರ ಜನಸಂಘ ಹುಟ್ಟಿತು.

ಇದರ ಮುಂದುವರಿಕೆಯೇ ಸುರವರಂ ಪ್ರತಾಪರೆಡ್ಡಿ. 1926ರಲ್ಲಿ ‘ಗೋಲ್ಕೊಂಡ’ ಪತ್ರಿಕೆ ಶುರುಮಾಡಿದವರು. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂಬ ಒಂದು ಕೊಂಕುಮಾತಿಗೆ ಅವರು ವಾದದಿಂದ ಉತ್ತರಿಸಲಿಲ್ಲ. ಊರೂರಿಗೆ ಕಾಗದ ಬರೆದರು. ಯಾರು ಬರೆಯುತ್ತಿದ್ದೀರಿ, ನಿಮ್ಮೂರಲ್ಲಿ ಹಿಂದೆ ಯಾರು ಬರೆದಿದ್ದರು, ಒಂದಿಷ್ಟು ಪದ್ಯ ಕಳಿಸಿ ಎಂದು. 1934ರಲ್ಲಿ ‘ಗೋಲ್ಕೊಂಡ ಕವುಲ ಸಂಚಿಕ’ ಹೊರಬಂದಾಗ ಅದರಲ್ಲಿ 354 ಕವಿಗಳಿದ್ದರು. ಹಳ್ಳಿಯ ಕರಣಿಕರು, ಶಾಲಾ ಮೇಷ್ಟ್ರುಗಳು, ಹೆಸರೇ ಕೇಳದವರು. ಎಲ್ಲ ಪದ್ಯಗಳೂ ಒಳ್ಳೆಯವಲ್ಲ, ಆಗಿರಬೇಕಾಗಿಯೂ ಇರಲಿಲ್ಲ. ಇಷ್ಟು ಊರುಗಳಲ್ಲಿ ಇಷ್ಟು ಜನ ಇದ್ದಾರೆ ಎಂದು ತೋರಿಸುವುದು ಉದ್ದೇಶ. ಈ ನಾಡಿನ ಮೊದಲ ಸಾಹಿತ್ಯ ನಕ್ಷೆ ಎಂದು ನಾನು ಕರೆಯುವುದು ಈ ಪುಸ್ತಕವನ್ನೇ. ಸುರವರಂ ಅವರಿಗೇ 1955ರಲ್ಲಿ ತೆಲುಗಿನ ಮೊದಲ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಸಾಮಾಜಿಕ ಚರಿತ್ರೆಯ ಗ್ರಂಥಕ್ಕೆ. ಅದೇ ಕಾಲದ ಇನ್ನೊಬ್ಬ ವಟ್ಟಿಕೋಟ ಆಳ್ವಾರುಸ್ವಾಮಿ. ಅಡುಗೆ ಕೆಲಸ ಮಾಡಿ ಬದುಕಿದವರು, 1938ರಲ್ಲಿ ಸಿಕಂದರಾಬಾದಿನಲ್ಲಿ ‘ದೇಶೋದ್ಧಾರಕ ಗ್ರಂಥಮಾಲಾ’ ತೆರೆದು ತಾವೇ ಪುಸ್ತಕ ಹೊತ್ತು ಮಾರಿದರು. ಹಿಂದಿಯವರಿಗೂ ಇಲ್ಲೊಂದು ಮನೆಯಿದೆ: ಬದ್ರಿವಿಶಾಲ್ ಪಿತ್ತಿಯವರು 1949ರಲ್ಲಿ ಶುರುಮಾಡಿದ ‘ಕಲ್ಪನಾ’ ಪತ್ರಿಕೆ ಹೊರಡುತ್ತಿದ್ದುದು ದಿಲ್ಲಿಯಿಂದಲ್ಲ, ಪ್ರಯಾಗದಿಂದಲ್ಲ, ಹೈದರಾಬಾದಿನಿಂದ.

ನಮ್ಮವರು ಎಲ್ಲಿ?

ಇಷ್ಟು ಹೊತ್ತಿಗೆ ಕಲಬುರಗಿ, ರಾಯಚೂರು, ಬೀದರ ಕಡೆಯ ಓದುಗರು ಕೇಳಬೇಕು, ಕೇಳುತ್ತಿದ್ದೀರಿ ಎಂದೇ ನಂಬಿದ್ದೇನೆ: ಹಂಗಾದ್ರ ನಮ್ಮವ್ರು ಎಲ್ಲದಾರ?

ಎಲ್ಲೆಲ್ಲೂ ಇದ್ದಾರೆ. ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಕಾವೇರಿಯಿಂದ ಗೋದಾವರಿವರೆಗೆ ಎಂದು ಕನ್ನಡ ನಾಡಿನ ಎಲ್ಲೆ ಹಾಕಿ, ತಿರುಳ್ಗನ್ನಡದ ಊರುಗಳನ್ನು ಹೆಸರಿಸಿತು. ಪದ್ಯದಲ್ಲಿ ಬರೆದ ನಕ್ಷೆಯೆಂದರೆ ಅದು. ಇದನ್ನು ಗಡಿ ತಕರಾರಿಗೆ ಎಳೆಯುವುದು ಬೇಡ. ಆ ಕಾಲದಲ್ಲಿ ಕಾವ್ಯಕ್ಕೆ ಚೆಕ್‌ಪೋಸ್ಟ್ ಇರಲಿಲ್ಲ ಎಂಬುದಷ್ಟೇ ಮುಖ್ಯ. ನಮ್ಮ ಆದಿಕವಿ ಪಂಪ 941ರಲ್ಲಿ ಭಾರತ ಬರೆದು ಒಪ್ಪಿಸಿದ್ದು ಇಮ್ಮಡಿ ಅರಿಕೇಸರಿಗೆ. ಅರಿಕೇಸರಿಯ ವೇಮುಲವಾಡ ಈಗ ತೆಲಂಗಾಣದ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಕಡೆಯ ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಬಂಡೆಯ ಮೇಲೆ ಶಾಸನ ಕೆತ್ತಿಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿ. ತೆಲುಗಿನ ಅತಿ ಹಳೆಯ ಕಂದಪದ್ಯಗಳೆಂದು ತೆಲುಗು ವಿದ್ವಾಂಸರು ಎತ್ತಿ ಹಿಡಿಯುವುದು ಅವನ್ನೇ. ಕನ್ನಡದ ಮೊದಲ ಮಹಾಕವಿಯ ಒಡಹುಟ್ಟಿದವನಿಂದ ತೆಲುಗಿಗೆ ಸಿಕ್ಕ ಕಾಣಿಕೆ. ಹೈದರಾಬಾದಿನ ನಕ್ಷೆಯ ಅಂಚಿನಲ್ಲಿ ಬಾಣದ ಗುರುತು ಹಾಕಿ ಈ ಗುಡ್ಡವನ್ನು ತೋರಿಸಲೇಬೇಕು.

ಹತ್ತಿರದ ಕಾಲಕ್ಕೆ ಬರೋಣ. ನಿಜಾಮನ ರಾಜ್ಯದಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಮೂರು ಕನ್ನಡ ಜಿಲ್ಲೆಗಳು. ಓದಬೇಕೆಂದರೆ ಹೈದರಾಬಾದೇ ಗತಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಅಲ್ಲಿ ಭೌತಶಾಸ್ತ್ರದಿಂದ ಕಾನೂನಿನವರೆಗೆ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ದಾರ್-ಉಲ್-ತರ್ಜುಮಾ ಎಂಬ ಅನುವಾದ ವಿಭಾಗ ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಉರ್ದುಗೊಳಿಸುತ್ತಿತ್ತು. ಜೋಶ್ ಮಲೀಹಾಬಾದಿಯಂಥ ಕವಿ ಅಲ್ಲಿ ಸಂಬಳಕ್ಕೆ ಅನುವಾದ ಮಾಡಿದವರು. ಮನೆಯಲ್ಲಿ ವಚನ, ದಾಸರಪದ ಕೇಳಿ ಬೆಳೆದ ಹುಡುಗರು ಇಲ್ಲಿ ಬಂದು ಉರ್ದುವಿನಲ್ಲಿ ಪರೀಕ್ಷೆ ಬರೆದರು. ಆ ಕಾಲದವರ ಕನ್ನಡದಲ್ಲಿ ಉರ್ದುವಿನ ಒಂದು ಠೀವಿ ಬೆರೆತದ್ದು ಹೀಗೆ. ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ ನಿಜಾಮ ಸರ್ಕಾರದ ಆಡಳಿತ ಸೇವೆಗೆ ಸೇರಿದರು, ‘ಕಾವ್ಯಾನಂದ’ರಾಗಿ ಕನ್ನಡ ಕವಿತೆ ಬರೆದರು. ಡಿ.ಕೆ. ಭೀಮಸೇನರಾಯರು ಅದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಉರ್ದುವಿನ ಕೋಟೆಯೊಳಗೆ ಪಂಪ, ಕುಮಾರವ್ಯಾಸರನ್ನು ಓದಿಸಿದರು. 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಿನಲ್ಲಿ ನಡೆಯಿತು, ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ. ಅವರ ‘ವಚನಭಾರತ’ ಇನ್ನೂ ಬಂದಿರಲಿಲ್ಲ. ಮೈಸೂರಿನ ಸಾಧು ಮೇಷ್ಟ್ರು ನಿಜಾಮನ ರಾಜಧಾನಿಯಲ್ಲಿ ಕನ್ನಡದ ಅಧ್ಯಕ್ಷಪೀಠದಲ್ಲಿ ಕೂತ ಆ ಚಿತ್ರ ನಕ್ಷೆಯಲ್ಲಿ ಎಷ್ಟು ಜಾಗ ಬೇಡುತ್ತದೋ ಅಷ್ಟೂ ಕೊಡಬೇಕು.

ಕಾಚಿಗೂಡದ ಸುತ್ತ ಕನ್ನಡದ್ದೇ ಒಂದು ಕೇರಿಯಿತ್ತು ಎನ್ನಬಹುದು. ಕರ್ನಾಟಕ ಸಾಹಿತ್ಯ ಮಂದಿರ ಆ ಭಾಗದಲ್ಲೇ ಇದೆ. ನೃಪತುಂಗನ ಹೆಸರಿನ ಕನ್ನಡಿಗರ ಶಾಲೆಯೂ ಇದೆ. ಉಸ್ಮಾನಿಯಾದ ಆವರಣದಲ್ಲಿ ಆಗಿದ್ದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ 1960ರ ದಶಕದ ಮೊದಲರ್ಧದಲ್ಲಿ ನಿರ್ದೇಶಕರಾಗಿದ್ದವರು ವಿ.ಕೃ. ಗೋಕಾಕರು. ಇನ್ನು ಉರ್ದುವಿನಲ್ಲಿ ಬರೆದ ನಮ್ಮವರನ್ನು ನಮ್ಮವರಲ್ಲ ಎನ್ನುವುದು ಹೇಗೆ? ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬದುಕಿದ ಸುಲೇಮಾನ್ ಖತೀಬ್ ಅಚ್ಚ ದಖನಿಯಲ್ಲಿ ಬರೆದು ಹೈದರಾಬಾದಿನ ಮುಷಾಯಿರಾಗಳನ್ನು ನಗಿಸಿ ಅಳಿಸಿದರು. ಕಲಬುರಗಿಯಲ್ಲೇ ಹುಟ್ಟಿದ ಮುಜ್ತಬಾ ಹುಸೇನ್ 1962ರಿಂದ ‘ಸಿಯಾಸತ್’ ಪತ್ರಿಕೆಯಲ್ಲಿ ಹಾಸ್ಯ ಬರೆದು ಉರ್ದು ಓದುವಲ್ಲೆಲ್ಲ ಹೆಸರಾದರು, 2020ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರು. ಅವರ ಅಣ್ಣ ಮಹಬೂಬ್ ಹುಸೇನ್ ಜಿಗರ್ ಆ ಪತ್ರಿಕೆ ಕಟ್ಟಿದವರಲ್ಲೊಬ್ಬರು. ಇಂಗ್ಲಿಷಿನಲ್ಲಿ ಬರೆದವನೂ ಒಬ್ಬನಿದ್ದಾನೆ. 1824ರಲ್ಲಿ ಹುಡುಗನಾಗಿ ನಿಜಾಮನ ಸೈನ್ಯ ಸೇರಿದ ಮೆಡೋಸ್ ಟೇಲರ್ ಠಕ್ಕರ ಮೇಲಿನ ಕಾದಂಬರಿ ಬರೆದು 1839ರಲ್ಲಿ ಲಂಡನ್ನಿನಲ್ಲಿ ಮನೆಮಾತಾದ. ಆಮೇಲೆ ನಮ್ಮ ಸುರಪುರದಲ್ಲಿ ಬಾಲರಾಜನ ಪಾಲಕನಾಗಿ ವರ್ಷಗಟ್ಟಲೆ ಇದ್ದ. ಅವನ ‘ಟೇಲರ್ ಮಂಜಿಲ್’ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ಹೈದರಾಬಾದಿನ ನಕ್ಷೆ ಬರೆಯಲು ಕೂತರೆ ಹೀಗೆ ಅರ್ಧ ಕಲ್ಯಾಣ ಕರ್ನಾಟಕ ಒಳಗೆ ಬರುತ್ತದೆ.

ಬರೆಯುವುದು ಕಷ್ಟವೇನಲ್ಲ. ತಳಪಾಯಕ್ಕೆ ಲೆನರ್ಡ್ ಮನ್ನನ ಸರ್ವೆ ಇದೆ. ಪ್ರವಾಹದ ನಂತರ 1912ರಿಂದ 1915ರ ನಡುವೆ ಆತ ಊರಿನ ಗಲ್ಲಿ ಗಲ್ಲಿ ಅಳೆದು ಹಾಳೆಗಳ ಮೇಲೆ ಇಳಿಸಿದ. ಅದರ ಮೇಲೆ ಚಿತ್ರಕಾರರು ಬಣ್ಣ ತುಂಬಬೇಕು. ಹೆಸರುಗಳನ್ನು ಆಯಾ ಲಿಪಿಯಲ್ಲೇ ಬರೆಯಬೇಕು: ಉರ್ದು, ತೆಲುಗು, ನಾಗರಿ, ಕನ್ನಡ, ರೋಮನ್. ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿ ಪ್ರವಾಸಿಗರ ಚೀಲದಲ್ಲಿ ಹಾಕಿಕೊಡುವ ಚಂದದ ಕಾಗದವಾದರೆ ಅದು ಬೇಡ. ಸತ್ತ ದೊಡ್ಡವರನ್ನಷ್ಟೇ ತುಂಬಿದರೂ ಬೇಡ. ‘ಐವಾನ್-ಎ-ಗಜಲ್’ನಲ್ಲಿ ಹೈದರಾಬಾದಿನ ಹವೇಲಿಗಳೊಳಗಿನ ಹೆಂಗಸರ ಬದುಕನ್ನು ಬರೆದ ಜೀಲಾನಿ ಬಾನೊ ಅವರಿಗೆ ಜಾಗವಿರಬೇಕು, ಅಡುಗೆಭಟ್ಟ ಪ್ರಕಾಶಕನಿಗೂ ಇರಬೇಕು.

ಧಾರವಾಡದಲ್ಲಿ ಸಾಧನಕೇರಿ ಎಂದರೆ ಆಟೊದವರು ಬೇಂದ್ರೆ ಮನೆ ಮುಂದೆ ನಿಲ್ಲಿಸುತ್ತಾರೆ. ಹೈದರಾಬಾದಿನಲ್ಲಿ 1941ರ ಚಪ್ಪರ ಇಲ್ಲಿತ್ತು, ಭೀಮಸೇನರಾಯರ ಮನೆ ಈ ಗಲ್ಲಿಯಲ್ಲಿತ್ತು ಎಂದು ಬೆರಳಿಟ್ಟು ತೋರಿಸಬಲ್ಲವರ ತಲೆಮಾರು ಮುಗಿಯುತ್ತ ಬಂದಿದೆ. 1956ರ ನವೆಂಬರ್ 1ರ ನಂತರ ಮೂರು ಜಿಲ್ಲೆಗಳ ಮುಖ ಬೆಂಗಳೂರಿನ ಕಡೆ ತಿರುಗಿತು. ಅದಕ್ಕೂ ಮೊದಲು ಓದಿದವರಿಗೆ ಈಗ ತೊಂಬತ್ತರ ಆಸುಪಾಸು. ಸುರವರಂ ಕಾಗದ ಬರೆದು 354 ಜನರನ್ನು ಹುಡುಕಿದರು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ‘ಹೈದ್ರಾಬಾದದಾಗ ಕಲ್ತಾರ’ ಎನ್ನಿಸಿಕೊಂಡ ಅಜ್ಜನೋ ಅಜ್ಜಿಯೋ ಇದ್ದರೆ, ಯಾವ ಹಾಸ್ಟೆಲು, ಯಾವ ಓಣಿ, ಯಾರ ಭಾಷಣ ಕೇಳಿದ್ದರು, ಯಾವ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುತ್ತಿತ್ತು ಎಂದು ಕೇಳಿ ಬರೆದಿಡಿ. ಹಳೆಯ ಗುಂಪುಚಿತ್ರವಿದ್ದರೆ ಹಿಂಬದಿಯಲ್ಲಿ ಹೆಸರು, ಜಾಗ, ಇಸವಿ ಗುರುತು ಹಾಕಿ, ಒಂದು ಪ್ರತಿಯನ್ನು ಕಾಚಿಗೂಡದ ಸಾಹಿತ್ಯ ಮಂದಿರಕ್ಕೂ ಇನ್ನೊಂದನ್ನು ಗುಲ್ಬರ್ಗ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಗೂ ಕಳಿಸಿ. ಈ ಕೆಲಸ ಈ ವರ್ಷವೇ ಆಗಬೇಕು.